ಪಿನ್ ಬ್ಲೇಡಿನ ಸ್ಕ್ರೋಲ್ ಸಾದಲ್ಲಿ ಕನ್ನಡ ಅಕ್ಷರ: ಕ್ಲಾಂಪ್ ಬದಲಿಸುವುದಾ, ಮಿಷನ್ನೇ ಬದಲಿಸುವುದಾ?

ಕುಂಬಳೆ_ಹಲಗೆ:
ಮನೆಯ ಹೆಸರಿನ ಹಲಗೆ ಮಾಡ್ಲಿಕ್ಕುಂಟು. ಮೇಲೆ ಕನ್ನಡ, ಕೆಳಗೆ ಮಲಯಾಳ. 9 ಮಿ.ಮೀ. ದಪ್ಪದ ಹಲಸು, ಅಕ್ಷರದ ಎತ್ತರ 60 ಮಿ.ಮೀ. ನನ್ನ ಸ್ಕ್ರೋಲ್ ಸಾ (ತೆಳು ಬ್ಲೇಡ್ ಮೇಲೆ ಕೆಳಗೆ ಓಡಿ ಸುರುಳಿ ಗೆರೆ ಕೊಯ್ಯುವ ಮಿಷನ್) 16 ಇಂಚಿನದ್ದು, ಪಿನ್ ಬ್ಲೇಡ್, ಅಂದರೆ ಎರಡೂ ತುದಿಗೆ ಅಡ್ಡ ಪಿನ್ ಇರುವ ಬ್ಲೇಡ್ ಮಾತ್ರ ಹಿಡಿಯುವಂಥದ್ದು. ಪಿನ್ ದಾಟಿಸ್ಲಿಕ್ಕೆ 5 ಮಿ.ಮೀ. ಒಟ್ಟೆ ಬೇಕು, ಅನುಸ್ವಾರದ ಒಳಗೆ ಅಷ್ಟು ಜಾಗವೇ ಇಲ್ಲ. ಪಿನ್ ಇಲ್ಲದ ಬ್ಲೇಡ್ ಹಿಡಿಯುವ ಕ್ಲಾಂಪ್ ಜೋಡಿಸಿದರೆ ಸಾಕಾ, ಬೇರೆ ಮಿಷನ್ ತೆಗೆಯಬೇಕಾ?

ಬದಿಯಡ್ಕ_ಉಳಿ:
ಮಿಷನ್ ಬದಲಿಸುವುದು ಬೇಡ. ಪಿನ್ ಬ್ಲೇಡಿನ ತೊಂದರೆ ಒಟ್ಟೆ ಒಂದೇ ಅಲ್ಲ, ಅದರ ಅಗಲ ಸುಮಾರು 2.5 ಮಿ.ಮೀ. ಉಂಟು. ಸಣ್ಣ ಸುರುಳಿಯಲ್ಲಿ ತಿರುಗಿಸಿದರೆ ಬ್ಲೇಡಿನ ಬೆನ್ನು ಮರಕ್ಕೆ ಉಜ್ಜಿ ಕರಿ ಹಿಡಿಯುತ್ತದೆ. ಪಿನ್ ಇಲ್ಲದ 3 ನಂಬ್ರದ ಬ್ಲೇಡ್ 1 ಮಿ.ಮೀ.ಗಿಂತ ಕಡಿಮೆ ಅಗಲ, ಅದಕ್ಕೆ 1.5 ಮಿ.ಮೀ. ಒಟ್ಟೆ ಸಾಕು.

ಕ್ಲಾಂಪ್ ಲೇತಿನವರ ಹತ್ತಿರ ಮಾಡಿಸಬಹುದು. ಈಗಿನ ಕೊಕ್ಕೆಯಲ್ಲಿ ಕೂರುವ ಪಿನ್ ಇರುವ ಸಣ್ಣ ಸ್ಟೀಲ್ ತುಂಡು, ಅದಕ್ಕೊಂದು ಸೀಳು, ಪಕ್ಕದಿಂದ ಬಿಗಿಯುವ ಎಂ4 (4 ಮಿ.ಮೀ.) ಅಲನ್ ಸ್ಕ್ರೂ, ಆರು ಮೂಲೆಯ ಕೀಲಿಯಲ್ಲಿ ತಿರುಗಿಸುವಂಥದ್ದು. ಮೇಲೆ ಕೆಳಗೆ ಎರಡೂ ಒಂದೇ ಅಳತೆಯಲ್ಲಿರಲಿ. ಸೀಳು ಆಚೆ ಬದಿಗೆ ತೆರೆದಿರಬೇಕು, ಇಲ್ಲದಿದ್ದರೆ 5 ಇಂಚಿನ ಬ್ಲೇಡಿನ ಉಳಿದ ತುದಿಗೆ ಹೋಗ್ಲಿಕ್ಕೆ ದಾರಿ ಇಲ್ಲ.

ಹೊಸೂರು_ಟೂಲ್‌ರೂಮ್:
ಅಷ್ಟು ಸುಲಭ ಅಲ್ಲ ಸಾರ್. ಕ್ಲಾಂಪ್ ಬ್ಲೇಡನ್ನು ಹಿಡಿಯುತ್ತೆ ಅಷ್ಟೇ, ಮಿಷನ್ನಿನ ಗುಣ ಅದೇ ಇರುತ್ತೆ. ತೋಳಿನ ತುದಿಗೆ ತೂಕ ಹೆಚ್ಚಿದಷ್ಟೂ ನಡುಕ ಹೆಚ್ಚುತ್ತೆ, ನಿಮಿಷಕ್ಕೆ 1600 ಹೊಡೆತದಲ್ಲಿ ಅದು ಗೆರೆಯಲ್ಲೇ ಕಾಣುತ್ತೆ. ಇನ್ನೊಂದು ವಿಷಯ: ತೋಳು ಮೇಲೆ ಕೆಳಗೆ ಹೋಗುವಾಗ ಕ್ಲಾಂಪ್ ತನ್ನ ಪಿನ್ ಮೇಲೆ ಸಲೀಸಾಗಿ ಓಲಾಡಬೇಕು. ಕೊಕ್ಕೆಯಲ್ಲಿ ಬಿಗಿಯಾಗಿ ಕೂತರೆ ಬ್ಲೇಡ್ ಪ್ರತಿ ಹೊಡೆತಕ್ಕೂ ಕ್ಲಾಂಪಿನ ಬಾಯಲ್ಲೇ ಬಾಗುತ್ತೆ, ಅಲ್ಲೇ ತುಂಡಾಗುತ್ತೆ. ಮನೆಯಲ್ಲಿ ಮಾಡಿದ ಕ್ಲಾಂಪುಗಳಲ್ಲಿ ಸೀಳು ನಟ್ಟನಡುವೆ ಬರದೆ ಬ್ಲೇಡ್ ತಿರುಚಿಕೊಂಡಿರುತ್ತೆ, ಗೆರೆ ಬಲಕ್ಕೆ ಓಡೋದು ಅದಕ್ಕೇ. ಪ್ಯಾರಲಲ್ ಲಿಂಕ್ ತೋಳಿನ (ಉದ್ದ ತೋಳಿನ ಬದಲು ತುದಿಯ ಸಣ್ಣ ತೋಳು ಮಾತ್ರ ಆಡುವ, ನಡುಕ ಕಡಿಮೆಯ) ಮಿಷನ್ ತಗೊಳ್ಳಿ. ಡಿವಾಲ್ಟ್ ಡಿಡಬ್ಲ್ಯೂ788 ಅಂಥದ್ದೇ, 20 ಇಂಚು.

ಬದಿಯಡ್ಕ_ಉಳಿ:
ಓಲಾಡುವ ಮಾತು ಒಪ್ಪಿದೆ. ಆದರೆ ಗೆರೆ ಬಲಕ್ಕೆ ಓಡುವುದನ್ನು ಕ್ಲಾಂಪಿನ ತಲೆಗೆ ಕಟ್ಟಬೇಡಿ ಮಾರಾಯ್ರೆ. ಬ್ಲೇಡಿಗೆ ಹಲ್ಲು ತೆಗೆಯುವಾಗ ಒಂದು ಬದಿಯಲ್ಲಿ ಮುಳ್ಳು ಉಳಿಯುತ್ತದೆ, ಆ ಬದಿ ಜಾಸ್ತಿ ಕೊಯ್ಯುತ್ತದೆ. ಎಂಥ ದುಬಾರಿ ಮಿಷನ್ನಿನಲ್ಲೂ ಹಾಗೆಯೇ. ಹಲಗೆಯನ್ನು 3–4 ಡಿಗ್ರಿ ಓರೆಯಾಗಿ ತಳ್ಳಿದರೆ ಗೆರೆ ನೇರ ಬರ್ತದೆ. ಮತ್ತೆ 788 ಅಮೆರಿಕದ 120 ವೋಲ್ಟಿನದ್ದು, ನಮ್ಮ 230ಕ್ಕೆ ಹಾಕ್ಲಿಕ್ಕೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಒಂದು ಹೆಸರಿನ ಹಲಗೆಗೆ ಅದೆಲ್ಲ ಯಾಕೆ?

ಮಂಜೇಶ್ವರ_ಮರಗೆಲಸ:
ಇಬ್ಬರೂ ನಡುಕದ ಮೂಲ ಬಿಟ್ಟಿರಿ. ಮಿಷನನ್ನು 25 ಮಿ.ಮೀ. ಪ್ಲೈವುಡ್ಡಿಗೆ ಬೋಲ್ಟ್ ಹಾಕಿ, ಅದನ್ನು ಭಾರದ ಸ್ಟ್ಯಾಂಡಿಗೆ ಕೂರಿಸಿ, ನಡುವೆ ದನದ ಹಟ್ಟಿಗೆ ಹಾಸುವ ರಬ್ಬರ್ ಮ್ಯಾಟಿನ ತುಂಡು ಇಡಿ. ತೆಳ್ಳಗಿನ ಮೇಜಿನ ಮೇಲೆ ಇಟ್ಟರೆ ಯಾವ ಮಿಷನ್ನೂ ಕುಣಿಯುತ್ತದೆ. ವೇಗ ಬದಲಿಸುವ ಗುಂಡಿ ಇದ್ದರೆ ಸ್ವಲ್ಪ ಮೇಲೆ ಕೆಳಗೆ ಮಾಡಿ ನೋಡಿ, ಕೆಲವು ವೇಗದಲ್ಲಿ ಮಾತ್ರ ನಡುಕ ಜೋರು.

ಟೇಬಲಿನ ಬ್ಲೇಡ್ ಒಟ್ಟೆಯೂ ಇಂಥ ಮಿಷನ್ನಿನಲ್ಲಿ ಬಹಳ ದೊಡ್ಡದು, ಕೊಯ್ದ ಅನುಸ್ವಾರ ನೇರ ಒಳಗೆ ಬೀಳುತ್ತದೆ. 3 ಮಿ.ಮೀ. ಪ್ಲೈವುಡ್ಡಿಗೆ ಬ್ಲೇಡಿನಷ್ಟೇ ಒಟ್ಟೆ ಮಾಡಿ ಡಬಲ್ ಟೇಪಿನಲ್ಲಿ ಟೇಬಲಿಗೆ ಅಂಟಿಸಿ. ಅಡಿಯ ಎಳೆ ಸಿಬಿರೇಳುವುದೂ ಕಡಿಮೆಯಾಗ್ತದೆ. ಹುಡಿ ಊದುವ ಗಾಳಿ ಸಾಲದಿದ್ದರೆ ಮೀನಿನ ತೊಟ್ಟಿಯ ಏರ್ ಪಂಪಿನ ಪೈಪ್ ಸಿಕ್ಕಿಸಿ. ಮಾಸ್ಕ್ ಹಾಕಿಯೇ ಕೂರಿ, ಆ ಗಾಳಿ ಹುಡಿಯನ್ನು ಮುಖದ ಹತ್ತಿರವೇ ತರ್ತದೆ.

ಕುಂಬಳೆ_ಹಲಗೆ:
ಕ್ಲಾಂಪ್ ಹಾಕಿದ ಮೇಲೆ ಬ್ಲೇಡ್ ನೇರ ನಿಂತಿದೆಯಾ ಅಂತ ನೋಡುವುದು ಹೇಗೆ?

ಹೊಸೂರು_ಟೂಲ್‌ರೂಮ್:
40 ಮಿ.ಮೀ. ದಪ್ಪದ ಮರದ ತುಂಡಿಗೆ 2 ಮಿ.ಮೀ. ಆಳ ಕೊಯ್ದು ನಿಲ್ಲಿಸಿ. ತುಂಡನ್ನು ಟೇಬಲ್ ಮೇಲೆಯೇ ಸುತ್ತಿಸಿ, ಬ್ಲೇಡಿನ ಹಿಂಬದಿಗೆ ಆ ಸೀಳನ್ನು ತನ್ನಿ. ಬ್ಲೇಡ್ ತಡೆಯಿಲ್ಲದೆ ಒಳಗೆ ಕೂತರೆ ಅದು ಟೇಬಲಿಗೆ ನೇರ ನಿಂತಿದೆ. ಬ್ಲೇಡ್ ಹಾಕುವ ಮುಂಚೆ ಎರಡೂ ತುದಿಯನ್ನು ಸ್ಯಾಂಡ್ ಪೇಪರಿನಲ್ಲಿ ಉಜ್ಜಿ. ಕಾರ್ಖಾನೆಯ ಎಣ್ಣೆ ಉಳಿದರೆ ಜಾರುತ್ತೆ, ಜನ ಸ್ಕ್ರೂ ಸಾಲದು ಅಂದುಕೊಂಡು ಥ್ರೆಡ್ ಕೆಡಿಸ್ತಾರೆ. ಬಿಗಿ ಎಷ್ಟು ಅಂದರೆ, ನಡುವೆ ಬೆರಳಲ್ಲಿ ಒತ್ತಿದರೆ 3 ಮಿ.ಮೀ. ಒಳಗೇ ಬಾಗಬೇಕು.

ಮಿಷನ್ ಬಗ್ಗೆ ನನ್ನ ಅಭಿಪ್ರಾಯ ಪೂರ್ತಿ ಬದಲಾಗಿಲ್ಲ. ಒಂದೇ ಹಲಗೆ ಆದರೆ ಕ್ಲಾಂಪ್ ಸಾಕು, ದಿನಾ ಜಾಲರಿ ಕೊಯ್ಯೋರಿಗೆ ಅಲ್ಲ. ಪ್ರತಿ ಒಟ್ಟೆಗೂ ಅಲನ್ ಕೀ ಹಿಡಿದು ಬಿಚ್ಚಿ ಹಾಕೋದರಲ್ಲೇ ಅರ್ಧ ಹೊತ್ತು ಹೋಗುತ್ತೆ.

ಮಂಜೇಶ್ವರ_ಮರಗೆಲಸ:
ಅದು ಸರಿ. ಆದರೆ ಇವರ ಕೆಲಸದಲ್ಲಿ ಕಷ್ಟ ಇರುವುದು ಅಕ್ಷರದಲ್ಲೇ. ಶ್ರೀ ತೆಗೆದುಕೊಳ್ಳಿ: ಹೆಚ್ಚಿನ ಫಾಂಟಿನಲ್ಲಿ ಮೈ ಬೇರೆ, ಒತ್ತು ಬೇರೆ, ದೀರ್ಘ ಬೇರೆ, ಒಟ್ಟು ಮೂರು ತುಂಡು. ಠ ಇದ್ದರೆ ಒಳಗಿನ ಚುಕ್ಕೆ ಕಳಚಿ ಬೀಳ್ತದೆ. ಹಾಗಾಗಿ ಅಕ್ಷರಗಳನ್ನು ಬಿಡಿಬಿಡಿಯಾಗಿ ಕೊಯ್ದು ಹಿಂದಿನ ಹಲಗೆಗೆ ಅಂಟಿಸುವುದೇ ಸರಿ. ಹಲಗೆಯಲ್ಲೇ ಕೊರೆದು ಆರಪಾರ ಬಿಡುವುದಾದರೆ ರ, ಠ ಎಲ್ಲದಕ್ಕೂ ಒಳಗಿನ ತುಂಡು ಬೀಳದ ಹಾಗೆ ಹಿಡಿಯುವ ಕನಿಷ್ಠ 2 ಮಿ.ಮೀ. ಸೇತು ಬಿಡಬೇಕು, ಅಕ್ಷರದ ಅಂದ ಹೋಗ್ತದೆ.

ಒಳಗಿನ ಒಟ್ಟೆಗಳೆಲ್ಲ ಮೊದಲು, ಹೊರಗಿನ ಅಂಚು ಕೊನೆಗೆ. ಅಂಚು ಮೊದಲು ಕೊಯ್ದರೆ 60 ಮಿ.ಮೀ. ಅಕ್ಷರವನ್ನು ಬೆರಳಲ್ಲಿ ಹಿಡಿದು ಒಳಗೆ ಕೊಯ್ಯಬೇಕಾಗ್ತದೆ, ಅದು ಅಪಾಯ.

ಬದಿಯಡ್ಕ_ಉಳಿ:
ನಕ್ಷೆಯ ಕಾಗದದ ಮೇಲೆ ಪಾರದರ್ಶಕ ಪ್ಯಾಕಿಂಗ್ ಟೇಪ್ ಹಚ್ಚಿ, ಹಲಸು ಸುಟ್ಟು ಕರಿಯಾಗುವುದು ಕಡಿಮೆಯಾಗ್ತದೆ. ಅಡಿಗೆ ಕೆಲವು ಹಲ್ಲು ಮೇಲ್ಮುಖ ಇರುವ ರಿವರ್ಸ್ ಬ್ಲೇಡ್ ತನ್ನಿ. ಸರಿ ಒಣಗದ ಹಲಸಾದರೆ ಹಲ್ಲಿನ ಸಂದಿಯಲ್ಲಿ ಹುಡಿ ಕಟ್ಟುತ್ತದೆ, ಈ ಮಳೆಗಾಲದಲ್ಲಿ ತಂದ ಹಲಗೆಯಾದರೆ ಒಳಗೆ ಒಣಗಲಿ, ಆಮೇಲೆ ಕೊಯ್ಯಿರಿ.

ಕುಂಬಳೆ_ಹಲಗೆ:
ಹಲಗೆ ಹೊರಗೆ, ಗೇಟಿನ ಕಂಬದ ಮೇಲೆ. ಹಿಂದೆ ಯಾವ ಪ್ಲೈವುಡ್?

ಮಂಜೇಶ್ವರ_ಮರಗೆಲಸ:
ಐಎಸ್ (ಭಾರತೀಯ ಮಾನಕ) 710 ಗುರುತಿನ ಮೆರೈನ್ ಪ್ಲೈ, 18 ಮಿ.ಮೀ. ಐಎಸ್ 303ರ ಎಂಆರ್ (ಬರೀ ತೇವ ತಡೆಯುವ) ಪ್ಲೈ ಬೇಡ, ನಮ್ಮ ಮಳೆಗೆ ಪದರ ಬಿಡ್ತದೆ. ಮಾಮೂಲು ಬಿಳಿ ಅಂಟು ನೀರಿಗೆ ನಿಲ್ಲುವುದಿಲ್ಲ, ಎಪಾಕ್ಸಿ ಹಾಕಿ. ಪ್ಲೈಯ ನಾಲ್ಕೂ ಅಂಚಿಗೆ ವಾರ್ನಿಶ್ ಎರಡು ಕೈ ಜಾಸ್ತಿ ಕೊಡಿ, ನೀರು ಹೊಗುವುದು ಅಲ್ಲಿಂದಲೇ.