ಅಪ್‌ಡೇಟ್: ಮ್ಯೂನಿಕ್‌ನ ಹೋಫ್‌ಬ್ರಾಯ್‌ಹೌಸ್‌ಗೆ ಹೋಗಿ ಬಂದೆವು

ಈ ದೊಡ್ಡ ಬಿಯರ್ ಹಾಲ್‌ನಲ್ಲಿ ಬುಕ್ಕಿಂಗ್ ಇಲ್ಲದೆ ಜಾಗ ಸಿಗುತ್ತಾ, ಸಸ್ಯಾಹಾರಿ ಹೆಂಡತಿಗೆ ಊಟ ಇದೆಯಾ ಅಂತ ಹೋಗೋ ಮುಂಚೆ ಇಲ್ಲಿ ಕೇಳಿದ್ದೆನಲ್ಲ? ಎರಡೂ ಸಿಕ್ಕಿತು.

"ಖಾಲಿ ಕಂಡಲ್ಲಿ ಕೂತುಬಿಡಿ" ಅನ್ನೋ ಸಲಹೆ ನಡೆಯಲಿಲ್ಲ. ನಾವು ಕೂತಿದ್ದು 'ಸ್ಟಾಮ್‌ಟಿಶ್', ಅಂದ್ರೆ ಕಾಯಂ ಗಿರಾಕಿಗಳ ಮೇಜು! ಮೇಲೆ ಬೋರ್ಡ್ ಬೇರೆ ಇತ್ತು, ನಾವೇ ನೋಡಿರಲಿಲ್ಲ. ನಗುತ್ತಾ ಎಬ್ಬಿಸಿದರು. "ಮಧ್ಯಾಹ್ನ ಮೂರಕ್ಕೆ ಹೋಗಿ, ಪಕ್ಕದವರನ್ನ ಕೇಳಿ ಕೂರಿ" ಅಂದವರಿಗೆ ಥ್ಯಾಂಕ್ಸ್. ಅದೇ ಕೈಹಿಡಿಯಿತು. ಹೆಂಡತಿಗೆ ಕೇಸ್‌ಶ್ಪೆಟ್ಸ್‌ಲೆ, ಅಂದ್ರೆ ಚೀಸ್ ಹಾಕಿದ ಮೊಟ್ಟೆ-ಹಿಟ್ಟಿನ ನೂಡಲ್ಸ್: ಮೇಲೆ ಹುರಿದ ಈರುಳ್ಳಿ, ಎಳೆದಷ್ಟೂ ಚೀಸ್. ನನಗೆ 'ಮಾಸ್', ಅಂದ್ರೆ ಒಂದು ಲೀಟರ್ ಬಿಯರ್ ಮಗ್. ಎತ್ತೋಕೆ ಎರಡೂ ಕೈ ಬೇಕಾಯ್ತು, ಸುಳ್ಳಲ್ಲ.

ಹೋಫ್‌ಬ್ರಾಯ್‌ಹೌಸ್ 1589ರಲ್ಲಿ ಶುರುವಾಗಿದ್ದು ಡ್ಯೂಕ್ ಮನೆತನದ ಬ್ರೂವರಿಯಾಗಿ (ಬಿಯರ್ ತಯಾರಿಸೋ ಜಾಗ). ಆದರೆ ನನಗೆ ಮಜಾ ಅನ್ನಿಸಿದ್ದು ಕಬ್ಬಿಣದ ಕಪಾಟು. ಕಾಯಂ ಗಿರಾಕಿಗಳ ಸ್ವಂತ ಮಗ್‌ಗಳು ಅದರೊಳಗೆ, ಪ್ರತಿ ಗೂಡಿಗೂ ಪುಟ್ಟ ಬೀಗ!