ಶಿರಸಿ–ಕುಮಟಾ ಓಡಾಟಕ್ಕೆ ಸಣ್ಣ ಪೆಟ್ರೋಲ್ ಕಾರು ಸಾಕಾ?

ಕೇಳಿದ್ದು: ನಮ್ಮ ಮನೆ ಶಿರಸಿ ಹತ್ತಿರದ ಹಳ್ಳಿಯಲ್ಲಿ, ನನ್ನ ಕೆಲಸ ಕುಮಟಾದಲ್ಲಿ. ವಾರಕ್ಕೊಮ್ಮೆ ದೇವಿಮನೆ ಘಟ್ಟ ಇಳಿದು ಹತ್ತಬೇಕು. ಅಪ್ಪ, ಆಯಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವುದೂ ಇರುತ್ತದೆ. ಇಷ್ಟು ದಿನ ಸ್ಕೂಟಿ ಓಡಿಸಿ ಮಾತ್ರ ಗೊತ್ತು. ಸಾವಿರ ಸಿಸಿ ಒಳಗಿನ ಪೆಟ್ರೋಲ್ ಕಾರು ನಾಲ್ಕು ಜನ ಕೂತರೆ ಘಟ್ಟ ಹತ್ತುತ್ತದಾ? ಮಳೆಗಾಲ ತಡೆಯುತ್ತದಾ? ಕಾರು ಇಟ್ಟುಕೊಂಡ ಅಣ್ಣ, ಅಕ್ಕಂದಿರು ದಯವಿಟ್ಟು ಹೇಳಿ.

ಶಿರಸಿಯಿಂದ:

ತಂಗಿ, ಹೆದರಬೇಡ. ಧಾರಾಳವಾಗಿ ಹತ್ತುತ್ತದೆ. ನನ್ನದು 2014ರ ಆಲ್ಟೊ 800. ಇಂಜಿನ್ 796 ಸಿಸಿ, ಶಕ್ತಿ ಬರೀ 48 ಪಿಎಸ್. ಅದರಲ್ಲೇ ನಾಲ್ಕು ಜನ ಕೂತು, ಡಿಕ್ಕಿಯಲ್ಲಿ ತೆಂಗಿನಕಾಯಿ ಚೀಲ ಹಾಕಿಕೊಂಡು ಎಷ್ಟೋ ಸಲ ಕುಮಟಾದಿಂದ ಮೇಲೆ ಬಂದಿದ್ದೇನೆ. ಒಮ್ಮೆಯೂ ನಡುದಾರಿಯಲ್ಲಿ ನಿಂತಿಲ್ಲ.

ಆದರೆ ಬಿಡುವ ರೀತಿ ಕಲಿಯಬೇಕು. ಈ ಇಂಜಿನ್ನಿಗೆ ಪೂರ್ತಿ ಎಳೆತ ಬರುವುದು ನಿಮಿಷಕ್ಕೆ 3,500 ಸುತ್ತಿನ ಹತ್ತಿರ. ಡೀಸೆಲ್ ಗಾಡಿಯ ಹಾಗೆ ಕೆಳಗಿನಿಂದಲೇ ಎಳೆಯುವುದಿಲ್ಲ. ನಾನು ಮೊದಲ ವರ್ಷ ಪೆಟ್ರೋಲ್ ಉಳಿಸಲು ಹೋಗಿ ತಿರುವಿನಲ್ಲೂ ಮೂರನೇ ಗೇರಲ್ಲೇ ಹತ್ತಿಸುತ್ತಿದ್ದೆ. ಗಾಡಿ ಗುದ್ದಿಕೊಂಡು ನಡುಗುತ್ತಿತ್ತು. ಆಗ ಕ್ಲಚ್ ಅರ್ಧ ಒತ್ತಿ ಸಂಭಾಳಿಸುತ್ತಿದ್ದೆ. ಕ್ಲಚ್ ಪ್ಲೇಟ್ ಬೇಗ ಸವೆದು ಹೋಯಿತು. ಈಗ ತಿರುವು ಬರುವ ಮೊದಲೇ ಎರಡಕ್ಕೆ ಇಳಿಸುತ್ತೇನೆ. ಇಂಜಿನ್ ಸ್ವಲ್ಪ ಕೂಗುತ್ತದೆ, ಕೂಗಲಿ, ಅದಕ್ಕೇನೂ ಆಗುವುದಿಲ್ಲ. ತೀರಾ ಕಡಿದಾದ ಕಡೆ ಎಸಿ ಬಂದ್ ಮಾಡು, ವ್ಯತ್ಯಾಸ ಕಾಲಿಗೇ ಗೊತ್ತಾಗುತ್ತದೆ.

ನಿಜವಾಗಿ ಜಾಗ್ರತೆ ಬೇಕಾದದ್ದು ಇಳಿಯುವಾಗ. ಹತ್ತಲು ಯಾವ ಗೇರ್ ಬೇಕಾಯಿತೋ ಇಳಿಯಲೂ ಅದೇ ಗೇರ್. ಎರಡರಲ್ಲಿ ಬಿಟ್ಟರೆ ಇಂಜಿನ್ನೇ ಗಾಡಿಯನ್ನು ಹಿಡಿಯುತ್ತದೆ. ಬ್ರೇಕನ್ನು ಒತ್ತಿ ಬಿಡು, ಒತ್ತಿ ಬಿಡು. ಒತ್ತಿಕೊಂಡೇ ಹೋದರೆ ಬಿಸಿಯಾಗಿ ಹಿಡಿತ ಕಡಿಮೆಯಾಗುತ್ತದೆ. ಸುಟ್ಟ ವಾಸನೆ ಬಂದರೆ ಅಗಲ ಇರುವ ಕಡೆ ಬದಿಗೆ ಹಾಕಿ ಹದಿನೈದು ಇಪ್ಪತ್ತು ನಿಮಿಷ ನಿಲ್ಲು. ಬಿಸಿ ಬ್ರೇಕಿಗೆ ನೀರು ಹೊಯ್ಯಬೇಡ. ನ್ಯೂಟ್ರಲ್ ಮಾಡಿ ಇಳಿದರೆ ಪೆಟ್ರೋಲ್ ಉಳಿಯುತ್ತದೆ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡ. ಈಗಿನ ಕಾರುಗಳಲ್ಲಿ ಗೇರಲ್ಲಿದ್ದು ಆಕ್ಸಿಲರೇಟರ್ ಬಿಟ್ಟಾಗ ಇಂಜಿನ್ನಿಗೆ ಪೆಟ್ರೋಲ್ ಹೋಗುವುದೇ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲೇ ಪೆಟ್ರೋಲ್ ಸುಡುತ್ತದೆ. ಇಕ್ಕಟ್ಟಿನಲ್ಲಿ ಎದುರಿಗೆ ಹತ್ತುವ ಗಾಡಿ ಬಂದರೆ ಇಳಿಯುವವರೇ ನಿಂತು ದಾರಿ ಕೊಡಬೇಕು, ನಿಯಮವೂ ಅದೇ.

ಇನ್ನು ಮಳೆಗಾಲ. ನಮ್ಮ ಕಡೆ ಕಾರು ಹಾಳಾಗುವುದು ಘಟ್ಟದಿಂದಲ್ಲ, ಮಳೆಯಿಂದ. ಮೇ ತಿಂಗಳಲ್ಲೇ ವೈಪರ್ ರಬ್ಬರ್ ಬದಲಿಸು. ಟೈರ್ ನೋಡಿಸು. ಕಾನೂನಿನ ಪ್ರಕಾರ ಗೆರೆ 1.6 ಮಿ.ಮೀ. ಆಳ ಇದ್ದರೆ ಸಾಕು. ಆದರೆ ಕೆಂಪು ಮಣ್ಣು ಹರಿದ ಡಾಂಬರಿನ ಮೇಲೆ ಅಷ್ಟು ಸವೆದ ಟೈರನ್ನು ನಾನಂತೂ ನಂಬುವುದಿಲ್ಲ. ಮುಂದಿನ ಗಾಜಿನ ಬುಡದ ಜಾಲರಿಯಲ್ಲಿ ಎಲೆ, ಕಸ ಕಟ್ಟಿಕೊಂಡರೆ ನೀರು ಇಳಿಯಲು ಜಾಗವಿಲ್ಲದೆ ಒಳಗೆ ಕಾಲಿಡುವಲ್ಲಿಗೆ ಬರುತ್ತದೆ. ಮರದಡಿ ನಿಲ್ಲಿಸುವವರು ವಾರಕ್ಕೊಮ್ಮೆ ಕೈ ಹಾಕಿ ತೆಗೆಯಬೇಕು.

ರಾತ್ರಿ ಹ್ಯಾಂಡ್‌ಬ್ರೇಕ್ ಎಳೆದಿಡಬೇಡ. ಹಿಂದಿನ ಚಕ್ರದ್ದು ಡ್ರಮ್ ಬ್ರೇಕ್. ಎರಡು ಮೂರು ದಿನ ಒದ್ದೆಯಲ್ಲಿ ನಿಂತರೆ ಡ್ರಮ್ಮಿಗೆ ಒತ್ತುವ ಲೈನರ್ ಅಂಟಿಕೊಂಡು ಗಾಡಿ ಕದಲುವುದೇ ಇಲ್ಲ. ಗೇರಲ್ಲಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಟ್ಟರೆ ಆಯಿತು. ಸೀಟು, ಬೆಲ್ಟಿಗೆ ಬೂಸ್ಟು ಬರುತ್ತದೆ, ಬಿಸಿಲು ಕಂಡ ದಿನ ಬಾಗಿಲು ತೆರೆದಿಡು.

ಘಟ್ಟದ ಕೆಳಗಿನ ಕತಗಾಲದಲ್ಲಿ ಚಂಡಿಕಾ ಹೊಳೆ ಉಕ್ಕಿ ರಸ್ತೆ ಮೇಲೆ ಬಂದಿದ್ದರೆ ಬಸ್ಸು ದಾಟಿತು ಎಂದು ನೀನೂ ದಾಟಲು ಹೋಗಬೇಡ. ಹಳ್ಳದ ನೀರಲ್ಲಿ ಒಮ್ಮೆ ನನ್ನ ಕಾರು ನಿಂತುಹೋಯಿತು. ಗಾಬರಿಯಲ್ಲಿ ಮತ್ತೆ ಮತ್ತೆ ಸ್ಟಾರ್ಟ್ ಮಾಡಿದೆ. ನೀರು ಸಿಲಿಂಡರಿಗೆ ಹೋಗಿ ಇಂಜಿನ್ ಒಳಗಿನ ಕನೆಕ್ಟಿಂಗ್ ರಾಡ್ ಬಾಗಿತು. ಮಾಮೂಲಿ ವಿಮೆಯಲ್ಲಿ ಅದಕ್ಕೆ ಹಣ ಸಿಗಲಿಲ್ಲ. ಇಂಜಿನ್ ರಕ್ಷಣೆಯ ವಿಮೆ ಬೇರೆ ಸೇರಿಸಬೇಕಿತ್ತಂತೆ. ನೀನು ಮೊದಲೇ ಸೇರಿಸಿಕೋ. ನೀರಲ್ಲಿ ನಿಂತರೆ ಕೀ ಮುಟ್ಟದೆ ತಳ್ಳಿಸು.

ಕಾರವಾರದಿಂದ:

ಮೇಲಿನವರು ಘಟ್ಟದ್ದು ಹೇಳಿದ್ದಾರೆ, ನಾನು ಉಪ್ಪಿನದು ಹೇಳುತ್ತೇನೆ. ಕುಮಟಾದಲ್ಲಿ ಐದು ದಿನ ಕಾರು ನಿಲ್ಲುವುದು ಕಡಲ ಗಾಳಿಗೆ, ಅಲ್ವಾ? ನನ್ನ ವ್ಯಾಗನ್‌ಆರ್ ಮೇಲಿಂದ ಫಳಫಳ ಹೊಳೆಯುತ್ತಿತ್ತು. ನಾಲ್ಕನೇ ವರ್ಷ ಲಿಫ್ಟಿಗೆ ಏರಿಸಿದಾಗ ಸೈಲೆನ್ಸರ್ ಜೋಡಣೆ ಹೊಪ್ಪಳೆ ಎದ್ದಿತ್ತು, ಬಾಗಿಲ ಕೆಳ ಅಂಚಿಗೆ ತುಕ್ಕು ಹಿಡಿದಿತ್ತು. ಹೊಸ ಕಾರಾದರೆ ಮೊದಲ ಮಳೆಗೂ ಮುಂಚೆ ಅಡಿಗೆ ತುಕ್ಕು ನಿರೋಧಕ ಬಳಿಸಿ. ತಿಂಗಳಿಗೆರಡು ಸಲ ಸಿಹಿನೀರಿನಲ್ಲಿ ಅಡಿಭಾಗ ತೊಳೆಯಿರಿ. ಬಾಗಿಲ ಕೆಳಗಿನ ಸಣ್ಣ ತೂತು ಮುಚ್ಚದಂತೆ ನೋಡಿ, ಒಳಗಿನ ನೀರು ಹೊರಹೋಗುವುದು ಅಲ್ಲಿಂದಲೇ.

ಇನ್ನೊಂದು, ಮಳೆಯಲ್ಲಿ ಹೊರಡುವ ಮೊದಲು ಒಂದು ಫೋನ್ ಮಾಡಿ ದಾರಿ ವಿಚಾರಿಸಿ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದದ್ದು ಹೆದ್ದಾರಿ ಬದಿ ಗಾಡಿ ನಿಲ್ಲಿಸಿಕೊಂಡಿದ್ದವರ ಮೇಲೆಯೇ. ಆಮೇಲೆ ಜೋರು ಮಳೆಯಲ್ಲಿ ಕಡಿದ ಗುಡ್ಡದ ಬುಡದಲ್ಲಿ ಚಹಾಕ್ಕೆ ಅಂತ ಕೂಡ ನಾನು ನಿಲ್ಲಿಸುವುದಿಲ್ಲ.

ಹೊನ್ನಾವರದಿಂದ:

ಹಳೆ ಕಾರು ನೋಡುವುದಾದರೆ ಒಂದು ಮಾತು. ಈಗ ಬಂಕಿನಲ್ಲಿ ಸಿಗುವುದು ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲ್. ಅದಕ್ಕೆ ಹೊಂದುವ ಭಾಗಗಳೊಂದಿಗೆ ಕಾರುಗಳು ಬರತೊಡಗಿದ್ದು 2023ರ ಏಪ್ರಿಲ್ ಸುಮಾರಿಗೆ. ಅದಕ್ಕಿಂತ ಹಳೆಯದಾದರೆ ಪೆಟ್ರೋಲ್ ಪೈಪು, ರಬ್ಬರ್ ಸೀಲು ಪರೀಕ್ಷಿಸಿ. ಎಥನಾಲ್ ತೇವ ಹೀರುತ್ತದೆ. ಮಳೆಗಾಲದಲ್ಲಿ ವಾರಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕ್ ಅರ್ಧ ಖಾಲಿ ಬಿಡಬೇಡಿ. ಕರಾವಳಿಯಲ್ಲೇ ಇದ್ದ ಕಾರಾದರೆ ಬಣ್ಣ ನೋಡಿ ಒಪ್ಪಬೇಡಿ. ಚಾಪೆ ಎತ್ತಿ ನೆಲ ಮುಟ್ಟಿ, ಸ್ಟೆಪ್ನಿ ತೆಗೆದು ಗುಂಡಿ ನೋಡಿ. ತುಕ್ಕು ಅಲ್ಲೇ ಸಿಗುತ್ತದೆ.

ಕೇಳಿದವರು:

ಎಲ್ಲರಿಗೂ ತುಂಬಾ ಉಪಕಾರ ಆಯಿತು. ಮನಸ್ಸು ಗಟ್ಟಿಯಾಯಿತು. ಇನ್ನೊಂದೇ ಪ್ರಶ್ನೆ, ನಮ್ಮಲ್ಲಿ ಕಾರು ನಿಲ್ಲಿಸುವುದು ಕೊಟ್ಟಿಗೆ ಪಕ್ಕ. ಇಲಿ ವೈರ್ ಕಡಿಯುತ್ತದಂತೆ, ಹೌದಾ?

ಶಿರಸಿಯಿಂದ:

ಹೌದು ತಂಗಿ, ನಮ್ಮಲ್ಲಿ ಎರಡು ಸಲ ಕಡಿದಿದೆ. ಹುಲ್ಲು, ಹಿಂಡಿ ಇರುವ ಕಡೆಯಿಂದ ದೂರ ನಿಲ್ಲಿಸು. ರಾತ್ರಿ ಬಾನೆಟ್ ಎತ್ತಿಟ್ಟರೆ ಬೆಚ್ಚಗೆ ಕತ್ತಲೆ ಸಿಗದೆ ಕಡಿಮೆ ಬರುತ್ತವೆ. ನಾನು ಹೊಗೆಸೊಪ್ಪಿನ ಕಟ್ಟೂ ಕಟ್ಟಿಡುತ್ತೇನೆ, ವಾಸನೆ ಹೋದ ಹಾಗೆ ಬದಲಿಸಬೇಕು. ಕಾರನ್ನು ಮಳೆ ಮುಗಿದ ಮೇಲೆ ತಗೋ. ನವೆಂಬರಿನಲ್ಲಿ ಒಂದು ಭಾನುವಾರ ಬೆಳಿಗ್ಗೆ ಗಾಡಿಗಳು ಕಡಿಮೆ ಇರುವಾಗ ಗೊತ್ತಿದ್ದವರನ್ನು ಪಕ್ಕ ಕೂರಿಸಿಕೊಂಡು ದೇವಿಮನೆ ಒಮ್ಮೆ ಇಳಿದು ಹತ್ತು. ಅಪ್ಪ, ಆಯಿಯನ್ನು ಕೂರಿಸುವುದು ನಾಲ್ಕೈದು ಸಲ ಹಾಗೆ ಹೋಗಿ ಬಂದ ಮೇಲೆ ಸಾಕು.