ಸಲಹಾ ಮಂಡಳಿಯ ‘ಸಲಹೆ’ಗೆ ಬೇರೆ ಪದ ಬೇಕಾಗಿದೆ

ಎಲ್ಲರಿಗೂ ನಮಸ್ಕಾರ.

ವಕೀಲರೊಬ್ಬರ ಕಚೇರಿಯಲ್ಲಿ ಕಾಗದಪತ್ರಗಳನ್ನು ಕನ್ನಡಕ್ಕೆ ತರುವುದು ನನ್ನ ಕೆಲಸ. ಹೋದ ತಿಂಗಳು ಮಂಡ್ಯ ಕಡೆಯ ತಾಯಿಯೊಬ್ಬರು ಬಂದಿದ್ದರು. ಮಗನನ್ನು ಗೂಂಡಾ ಕಾಯ್ದೆಯಲ್ಲಿ, ಅಂದರೆ ವಿಚಾರಣೆಯಿಲ್ಲದೆ ಮುಂಜಾಗ್ರತೆಗೆಂದು ಬಂಧನದಲ್ಲಿಡುವ ಕಾನೂನಿನಲ್ಲಿ, ಒಳಗೆ ಹಾಕಿದ್ದಾರೆ. ಆದೇಶವನ್ನು ನಾಲ್ಕು ಮಡಿಕೆ ಮಾಡಿ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟುಕೊಂಡಿದ್ದರು. ಇಂಥ ಬಂಧನಕ್ಕೆ ಸಾಕಷ್ಟು ಕಾರಣವಿದೆಯೇ ಎಂದು ನೋಡುವ ಸಲಹಾ ಮಂಡಳಿಗೆ ಮನವಿ ಕೊಡಬಹುದು ಎಂಬ ಸಾಲು ಓದಿ ಹೇಳಿದೆ. “ಸಲಹೆ ಅಂದ್ರೆ ಕೇಳುದ್ರೂ ಆಯ್ತು, ಬುಟ್ರೂ ಆಯ್ತು ಅಲ್ವಾ ಸಾ? ಅಂಗಾದ್ಮೇಲೆ ಅರ್ಜಿ ಯಾಕೆ ಕೊಡಾದು?” ಅಂದರು.

ಆಕೆ ಹೇಳಿದ್ದೇ ಕನ್ನಡದಲ್ಲಿ ‘ಸಲಹೆ’ಯ ಅರ್ಥ. ಕಾಯ್ದೆಯಲ್ಲಿರುವುದು ಬೇರೆ. 1985ರ ಆ ಕಾಯ್ದೆಯ ಪ್ರಕಾರ ಬಂಧನವಾದ 3 ವಾರದೊಳಗೆ ಸರ್ಕಾರ ವಿಷಯವನ್ನು ಮಂಡಳಿಯ ಮುಂದಿಡಬೇಕು, ಬಂಧನದ ದಿನದಿಂದಲೇ ಲೆಕ್ಕ ಹಾಕಿ 7 ವಾರದೊಳಗೆ ಮಂಡಳಿ ವರದಿ ಕೊಡಬೇಕು. ಮಂಡಳಿಯಲ್ಲಿ ಕೂರುವವರು ಹೈಕೋರ್ಟ್ ನ್ಯಾಯಮೂರ್ತಿಗಳು, ಹಿಂದೆ ಆಗಿದ್ದವರು ಅಥವಾ ಆ ಅರ್ಹತೆ ಇರುವವರು. ಬಂಧನಕ್ಕೆ ಸಾಕಷ್ಟು ಕಾರಣವಿದೆ ಎಂದರೆ ಸರ್ಕಾರ ಆದೇಶವನ್ನು ಸ್ಥಿರೀಕರಿಸ‘ಬಹುದು’. ಇಲ್ಲವೆಂದರೆ ರದ್ದುಪಡಿಸ‘ತಕ್ಕದ್ದು’. ಈ ‘ತಕ್ಕದ್ದು’ ಇರುವ ಕಡೆ ಸಲಹೆ ಹೇಗೆ ಸಲಹೆಯಾಗಿ ಉಳಿಯುತ್ತದೆ? ಬಿಡುಗಡೆಯ ಮಟ್ಟಿಗೆ ಅವರ ಮಾತು ಸರ್ಕಾರದ ಕೈ ಕಟ್ಟಿಹಾಕುತ್ತದೆ.

ಸಂವಿಧಾನದ 22ನೇ ವಿಧಿಯಲ್ಲೇ ‘ಅಡ್ವೈಸರಿ ಬೋರ್ಡ್’ ಎಂದಿರುವುದರಿಂದ ಕನ್ನಡದಲ್ಲೂ ಹಾಗೇ ಬಂದಿದೆ. ಆದರೆ ಈ ಮಂಡಳಿಯ ಮುಂದೆ ವಕೀಲರನ್ನು ನಿಲ್ಲಿಸುವ ಹಕ್ಕು ಬಂಧಿತನಿಗಿಲ್ಲ. ತನ್ನ ಮಾತು ತಾನೇ ಆಡಬೇಕು. ಎದುರಿಗೆ ಕೂತವರು ತನ್ನನ್ನು ಬಿಡಿಸಬಲ್ಲರು ಎಂಬುದೇ ಹೆಸರಿನಿಂದ ತಿಳಿಯದಿದ್ದರೆ ಅವನು ಏನು ಮಾತಾಡಿಯಾನು?

ಅಂದಹಾಗೆ, ‘ಸಲಹೆ’ ಅರಬ್ಬಿಯ ‘ಸಲಾಹ್’ನಿಂದ ಬಂದದ್ದು. ಕಾಪಾಡು ಎಂಬರ್ಥದ ನಮ್ಮ ‘ಸಲಹು’ಗೂ ಅದಕ್ಕೂ ನಂಟಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಬದಲಿ ಹೆಸರುಗಳನ್ನು ಯೋಚಿಸಿದೆ. ‘ಪರಿಶೀಲನಾ ಮಂಡಳಿ’ ಎಂದರೆ ಕಡತ ತಿರುವಿ ಹಾಕುವವರ ಹಾಗೆ ಕೇಳಿಸುತ್ತದೆ. ‘ತೀರ್ಪು’ ಸಲ್ಲದು, ಅವರು ಅಪರಾಧದ ವಿಚಾರಣೆ ಮಾಡುವುದಿಲ್ಲ. ‘ಬಂಧನ ಪರಾಮರ್ಶೆ ಮಂಡಳಿ’ ನನಗೆ ಹಿಡಿಸಿದೆ. ಆದರೆ ಹಿಂದಿಯಲ್ಲಿ ‘ಪರಾಮರ್ಶ’ ಎಂದರೂ ಸಲಹೆಯೇ!

ಆ ತಾಯಿಯ ಮನವಿಯಲ್ಲಿ ಕಾಯ್ದೆಯ ಹೆಸರನ್ನೇ ಉಳಿಸಿ, ಕೆಳಗೆ “ಇವರು ಕಾರಣ ಸಾಲದು ಎಂದರೆ ಬಿಡಲೇಬೇಕು” ಎಂದು ಬರೆದುಕೊಟ್ಟೆ. ಒಂದೇ ಪದದಲ್ಲಿ ಇದನ್ನು ಹೇಳಲಾದೀತೇ? ಕೋರ್ಟು, ಜೈಲುಗಳಲ್ಲಿ ಓಡಾಡುವವರು ಇದನ್ನು ಏನೆಂದು ಕರೆಯುತ್ತಾರೆ, ಗೊತ್ತಿದ್ದವರು ತಿಳಿಸಿ.